ಗೋಡೆಗೆ ಬೆನ್ನು ಕೊಟ್ಟ ಕುರ್ಚಿ

ಅಥವಾ ನಾನು ಕೂತಿದ್ದು ಬಾಯಿಯವರ ತೊಡೆಯ ಮೇಲೆಯೇ ಅಲ್ಲದಿರಬಹುದು. ಕುರ್ಚಿಯ ಕೈಯ ಮೇಲೆ ನನ್ನನ್ನು ಕೂಡಿಸಿದ್ದಿರಬಹುದು. ಹಸಿರು ಬಳೆಗಳಿದ್ದವು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಆದರೆ ಬಾಯಿಯವರು ಆ ವಯಸ್ಸಿನಲ್ಲಿ ಬಳೆಯನ್ನೇ ತೊಡುತ್ತಿರಲಿಲ್ಲ ಎಂದು ಅವರ ಚರಿತ್ರೆ ಬರೆದವರು ಬರೆದಿದ್ದಾರೆ. ಹಾಗಾದರೆ ಬಳೆ ಯಾರದು? ನಮ್ಮ ಅಜ್ಜಿಯದೇ ಇರಬೇಕು. ಬಳೆ ಅಜ್ಜಿಯದಾದರೆ ತೊಡೆಯೂ ಅಜ್ಜಿಯದೇ ಆಗಿರಬಾರದೇಕೆ? ಐದು ವರ್ಷದ ಹುಡುಗನಿಗೆ ಕೂತಿದ್ದು ಯಾರ ತೊಡೆಯ ಮೇಲೆ ಎಂಬುದಕ್ಕಿಂತ ಕೈಯಲ್ಲಿ ಉಂಡಿ ಇತ್ತೋ ಇಲ್ಲವೋ ಎಂಬುದೇ ಮುಖ್ಯ. ಉಂಡಿ ಇತ್ತು. ಅದೊಂದನ್ನು ಆಣೆ ಮಾಡಿ ಹೇಳಬಲ್ಲೆ. ಯಾವ ಉಂಡಿ ಎಂದು ಮಾತ್ರ ಕೇಳಬೇಡಿ.

ಬಾಯಿಯವರು ಎಂದರೆ ಯಾರು ಎಂದು ನೀವು ಕೇಳುತ್ತೀರಿ. ಹೆಸರು ಬರೆಯುವುದಿಲ್ಲ. ಬರೆದರೆ ಪುಣೆಯಲ್ಲಿ ಕೆಲವರು ಓದುವುದನ್ನು ನಿಲ್ಲಿಸಿ ಭಕ್ತಿಯಿಂದ ಕಿವಿ ಮುಟ್ಟಿಕೊಳ್ಳುತ್ತಾರೆ. ಉಳಿದವರು ಆ ಹೆಸರಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂದು ಬೈಯುತ್ತಾರೆ. ಸಂಗೀತ ನಾಟಕದ ದೊಡ್ಡ ಗಾಯಕಿ ಎಂದರೆ ಸಾಕು. ಪಾಶ್ಚಾತ್ಯರು ಒಪೆರಾ ಎನ್ನುತ್ತಾರಲ್ಲ, ಹತ್ತಿರಹತ್ತಿರ ಅಂಥದೇ. ಒಂದೇ ವ್ಯತ್ಯಾಸವೆಂದರೆ, ನಮ್ಮಲ್ಲಿ ಸತ್ತು ಬಿದ್ದ ನಾಯಕ ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿದರೆ ಎದ್ದು ಕೂತು ಅದೇ ಪದವನ್ನು ಇನ್ನೊಂದು ಸಲ ಹಾಡಿ, ಆಮೇಲೆ ಮರ್ಯಾದೆಯಿಂದ ಮತ್ತೆ ಸಾಯುತ್ತಿದ್ದ. ನಮ್ಮ ಮನೆಯಲ್ಲಿ ನೆನಪುಗಳ ಪಾಡೂ ಅದೇ. ಯಾರಾದರೂ ‘ಇನ್ನೊಮ್ಮೆ ಹೇಳ್ರಿ’ ಎಂದರೆ ಸಾಕು, ಸತ್ತದ್ದು ಎದ್ದು ಕೂಡುತ್ತಿತ್ತು, ಒಂದೆರಡು ತಾನುಗಳನ್ನು ಹೆಚ್ಚಿಗೆ ಸೇರಿಸಿಕೊಂಡು.

ಬಾಯಿಯವರದು ಎನ್ನಲಾದ ಮೂರು ಸಾಮಾನು ನಮ್ಮ ಮನೆಯಲ್ಲಿದ್ದವು. ಒಂದು ಕೋಚು, ಒಂದು ಕನ್ನಡಿ ಮೇಜು, ಒಂದು ಎತ್ತರ ಬೆನ್ನಿನ ಕುರ್ಚಿ. ಧಾರವಾಡ ಬಿಟ್ಟು ರೈಲ್ವೆ ಗುಮಾಸ್ತನಾಗಿ ಪುಣೆಗೆ ಬಂದ ನಮ್ಮ ಅಜ್ಜ ಪೇಟೆಯ ವಾಡೆಯೊಂದರಲ್ಲಿ, ಎಂದರೆ ಹತ್ತಾರು ಸಂಸಾರಗಳ ಹಳೆಯ ವಠಾರದಲ್ಲಿ, ಎರಡು ಖೋಲಿ ಬಾಡಿಗೆ ಹಿಡಿದಿದ್ದ. ಎರಡು ಖೋಲಿಯಲ್ಲಿ ಏಳು ಜನ, ಮೂರು ಸಾಮಾನು. ಜನರಿಗೆ ಜಾಗ ಸಾಲದಿದ್ದರೆ ಜನ ಸರಿಯಬೇಕಿತ್ತೇ ಹೊರತು ಸಾಮಾನು ಸರಿಯುವಂತಿರಲಿಲ್ಲ. ಅವು ಗೋಡೆಗೆ ಬೆನ್ನು ಹಚ್ಚಿ ನಿಂತಲ್ಲಿ ನಿಂತಿದ್ದವು. ಕೂಡುವುದು ನಿಷಿದ್ಧ. ಖಂಡೇನವಮಿಯ ದಿನ ಅಜ್ಜನ ಪೆನ್ನು, ಅಜ್ಜಿಯ ಈಳಿಗೆ, ಆಮೇಲೆ ಆ ಕುರ್ಚಿ, ಮೂರಕ್ಕೂ ಅರಿಸಿನ ಕುಂಕುಮ. ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ವಾಡೆಯ ಮರಾಠಿ ಹೆಂಗಸರು ಬಂದಾಗ ಅಜ್ಜಿ ಅವರನ್ನು ನೆಲದ ಮೇಲೆ ಚಾಪೆ ಹಾಸಿ ಕೂಡಿಸಿ, ಖಾಲಿ ಕುರ್ಚಿಯನ್ನು ತೋರಿಸುತ್ತಿದ್ದಳು. ವರ್ಷವಿಡೀ ನಮ್ಮನ್ನು ‘ಕಾನಡಿ’ ಎಂದು ಮೂಗು ಮುರಿಯುವವರು ಅವತ್ತು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆ ಒಂದು ಗಳಿಗೆಗಾಗಿ ಏಳು ಜನ ಮೈ ಮುದುಡಿಕೊಂಡು ಮಲಗುತ್ತಿದ್ದೆವು.

ಸಾಮಾನು ನಮ್ಮಲ್ಲಿಗೆ ಬಂದದ್ದು ಹೇಗೆ? ನಾಟಕ ಕಂಪನಿ ಮುಚ್ಚಿದಾಗ ಬಾಯಿಯವರೇ ಪ್ರೀತಿಯಿಂದ ಕಳಿಸಿದರು ಎಂಬುದು ಅಜ್ಜಿಯ ಪಾಠ. ಬಾಯಿಯವರು ಬೆಳಗಾವಿ ಕಡೆಯ ಹಳ್ಳಿಯವರು. ಊರೆಲ್ಲ ಮರಾಠಿ ಹಾಡಿದರೂ ಬಾಯಿ ತುಂಬ ಕನ್ನಡ ಮಾತಾಡಲು ನಮ್ಮ ಅಜ್ಜಿಯ ಹತ್ತಿರ ಬರುತ್ತಿದ್ದರು. ರೊಟ್ಟಿ, ಎಣ್ಣೆಗಾಯಿ ಉಂಡು ಹೋಗುತ್ತಿದ್ದರು. ಕಂಪನಿಯ ಮ್ಯಾನೇಜರು ‘ಎಂಟು ದಿನ ಇಟ್ಟುಕೊಳ್ಳಿ’ ಎಂದು ಇಳಿಸಿ ಹೋದವನು ತಿರುಗಿ ಬರಲಿಲ್ಲ ಎಂಬುದು ನಮ್ಮಪ್ಪನ ಪಾಠ. ಅಜ್ಜ ಏನನ್ನೂ ಹೇಳಲಿಲ್ಲ. ಅವನಿಗೆ ಮಲಗಲು ಜಾಗ ಸಿಕ್ಕಿದ್ದರೆ ಹೇಳುತ್ತಿದ್ದನೇನೋ. ಕನ್ನಡಿ ಮೇಜಿಗೆ ಕನ್ನಡಿ ಇರಲಿಲ್ಲ, ಬರೀ ಚೌಕಟ್ಟು. ಕಂಪನಿ ಮುಚ್ಚಿದ ದಿನ ‘ಇನ್ನು ಈ ಮುಖ ನೋಡಿಕೊಳ್ಳಲಾರೆ’ ಎಂದು ಬಾಯಿಯವರೇ ಗಾಜು ತೆಗೆಸಿದರಂತೆ. ಈ ಕತೆ ಕೇಳಿ ಅಳದ ಹೆಂಗಸು ನಮ್ಮ ವಾಡೆಯಲ್ಲಿರಲಿಲ್ಲ.

ನಾನು ಅಳಲಿಲ್ಲ. ಇಪ್ಪತ್ತೈದರ ವಯಸ್ಸಿಗೆ ನಾನು ಆಧುನಿಕನಾಗಿದ್ದೆ. ಅಂದರೆ ಪೂರ್ಣವಿರಾಮವಿಲ್ಲದ ಕತೆಗಳನ್ನು ಬರೆಯುತ್ತಿದ್ದೆ. ಒಂದು ನಾಟಕವನ್ನೂ ಆಡಿಸಿದೆ. ರಂಗದ ಮೇಲೆ ಒಂದು ಸ್ಟೂಲು ಕೂಡ ಇರಬಾರದು ಎಂಬುದು ನನ್ನ ಸಿದ್ಧಾಂತ. ನಾಲ್ಕು ಜನ ಒಂದೂವರೆ ತಾಸು ನಿಂತೇ ಮಾತಾಡಿದರು. ನಾಟಕ ಮುಗಿದ ಮೇಲೆ ನಮ್ಮ ಸುಮಿತ್ರಾ ಅತ್ಯಾ, ಅಪ್ಪನ ತಂಗಿ, ರಂಗದ ಹಿಂದೆ ಬಂದು ಕೇಳಿದಳು.

“ಯಾಕೋ ವಸ್ಯಾ, ಪಾಪ ಆ ಮಂದಿಗೆ ಕೂಡಲಿಕ್ಕೆ ಒಂದ ಕುರ್ಚಿ ಸಿಗಲಿಲ್ಲೇನು? ನಮ್ಮನಿದು ಒಯ್ದಿದ್ರ ಆಗ್ತಿತ್ತಲ್ಲ.”

“ಅದರ ಮ್ಯಾಲೆ ಯಾರೂ ಕೂಡಬಾರದಲ್ಲ ಅತ್ಯಾ.”

“ಕೂಡಬಾರದು ಖರೆ. ಬಾಜೂಕ ನಿಲ್ಲಲಿಕ್ಕೆ ಛಲೋ ಆಗ್ತಿತ್ತು.”

ನನ್ನ ನಾಟಕದ ಬಗ್ಗೆ ಬಂದ ಒಂದೇ ಬುದ್ಧಿವಂತ ವಿಮರ್ಶೆ ಅದು. ಆಗ ನನಗೆ ಸಿಟ್ಟು ಬಂದಿತ್ತು.

ವಾಡೆ ಈಗಿಲ್ಲ. ಕೆಡವಿದರು, ಅಲ್ಲಿ ಈಗೊಂದು ಕಟ್ಟಡ, ಅದಕ್ಕೂ ‘ವಾಡಾ’ ಎಂದೇ ಹೆಸರು. ಅತ್ಯಾ ಮೂರು ಸಾಮಾನು ಸಮೇತ ಊರಂಚಿನ ವಾಕಡದಲ್ಲಿರುವ ಮಗನ ಫ್ಲ್ಯಾಟಿಗೆ ಬಂದಳು. ಹನ್ನೆರಡನೆಯ ಮಹಡಿ. ಸೊಸೆ ರಮ್ಯಾ ಬೆಂಗಳೂರಿನವಳು, ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಆ ಮನೆಯಲ್ಲಿ ನೆಲ ಗುಡಿಸಲು ತಾಟಿನಷ್ಟು ಅಗಲದ ಒಂದು ಯಂತ್ರವಿದೆ. ಅದು ತಾನೇ ಓಡಾಡುತ್ತದೆ, ಕೋಚಿನ ಕೆಳಗೆ ಹೋಗಿ ಸಿಕ್ಕಿಕೊಂಡು ಬೆಕ್ಕಿನಂತೆ ಅರಚುತ್ತದೆ. ಆ ಅರಚಾಟವೇ ನೆಪವಾಗಿ ಸಾಮಾನು ಹೊರಗೆ ಕಳಿಸುವ ಮಾತು ಎದ್ದಿತು. ರಮ್ಯಾಳ ಗೆಳತಿಯೊಬ್ಬಳ ಗಂಡ ವಿಮಾನ ನಗರದಲ್ಲಿ ಕೆಫೆ ನಡೆಸುತ್ತಾನೆ. ಅಂಥ ಕೆಫೆ ನೀವು ನೋಡಿರಬಹುದು: ಹೊಲಿಗೆ ಯಂತ್ರದ ಮೇಲೆ ಕಾಫಿ, ಯಾರದೋ ಮನೆಯ ತಲಬಾಗಿಲನ್ನು ಮಲಗಿಸಿ ಅದರ ಮೇಲೆ ಪಾಸ್ತಾ. ಗೋಡೆಗೆ ಯಾರದೋ ಅಜ್ಜ ಅಜ್ಜಿಯರ ಫೋಟೋ. ಅಪರಿಚಿತ ಅಜ್ಜಂದಿರ ಕೆಳಗೆ ಕೂತು ಕಾಫಿ ಕುಡಿಯುವುದಕ್ಕೆ ಸಂಸ್ಕೃತಿ ಎಂದು ಹೆಸರು. ಅವನಿಗೆ ಮೂರೂ ಸಾಮಾನು ಬೇಕಂತೆ. ಕನ್ನಡಿಯ ಚೌಕಟ್ಟಿನೊಳಗೆ ಮೆನು ಬರೆಸುತ್ತಾನಂತೆ.

ಅತ್ಯಾ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಊಟ ಮಾಡಿ ನನಗೆ ಫೋನ್ ಮಾಡಿದಳು.

“ಬಾಯಿಯವರ ಹೆಸರಿಲೆ ಒಂದು ಟ್ರಸ್ಟ್ ಅದ. ಅವರ ಸಾಮಾನು ಇಡಲಿಕ್ಕೆ ಒಂದು ದಾಲನ ಕಟ್ಯಾರ. ನಾ ಪತ್ರ ಬರದೆ. ರವಿವಾರ ನೋಡಲಿಕ್ಕೆ ಬರ್ತಾರಂತ. ಆದ್ರ ಬಾಯಿಯವರು ಆ ಕುರ್ಚಿ ಮ್ಯಾಲೆ ಕೂತಿದ್ದು ಕಣ್ಣಿಲೆ ಕಂಡವರು ಒಬ್ಬರು ಬರದು ಸಹಿ ಮಾಡಬೇಕಂತ.”

“ನೀ ಮಾಡು.”

“ನಾ ಎಲ್ಲಿ ನೋಡೀನೋ? ಆಕಿ ಬಂದಾಗೆಲ್ಲ ನಾ ಸಾಲಿಗೆ ಹೋಗಿರ್ತಿದ್ದೆ.” ಎಂದಳು ಅತ್ಯಾ. “ಅವ್ವ ಹೇಳಿದ್ದಷ್ಟ ನನಗ ಗೊತ್ತು. ಮನ್ಯಾಗ ಇದ್ದಾಂವ ನೀ ಒಬ್ಬನ.”

ಎಪ್ಪತ್ತು ವರ್ಷದ ಹತ್ತಿರ ಬಂದ ನನಗೆ ಇದು ಹೊಸ ಸುದ್ದಿ. ಬಾಯಿಯವರ ದನಿ ಹೇಗಿತ್ತು, ಅಡಿಕೆ ಹೇಗೆ ಕತ್ತರಿಸುತ್ತಿದ್ದರು, ನನ್ನ ಬೆನ್ನ ಮೇಲೆ ತಾಳ ಹೇಗೆ ಹಾಕಿದರು ಎಂದೆಲ್ಲ ನನಗೆ ಹೇಳಿಕೊಟ್ಟವಳೇ ಅತ್ಯಾ. ಅವಳು ಬಾಯಿಯವರನ್ನು ನೋಡೇ ಇಲ್ಲ. ನಾನು ನೋಡಿದ್ದೇನೆ, ನನಗೆ ನೆನಪಿಲ್ಲ. ಅವಳ ಮಾತು ನನ್ನ ನೆನಪಾಗಿ, ನನ್ನ ನೆನಪು ಅವಳಿಗೆ ಪುರಾವೆಯಾಗಿ, ನಾವಿಬ್ಬರೂ ಅರವತ್ತು ವರ್ಷ ಒಬ್ಬರನ್ನೊಬ್ಬರು ನಂಬಿಕೊಂಡು ಕಾಲ ಕಳೆದಿದ್ದೆವು.

ರವಿವಾರ ಹೋದೆ. ಹಿಂಜವಾಡಿಯ ಕಂಪನಿಗಳಿಗೆ ರಜೆಯಿದ್ದರೂ ಆ ರಸ್ತೆಯ ಗಾಡಿಗಳಿಗೆ ರಜೆಯಿಲ್ಲ. ಮುಟ್ಟುವಷ್ಟರಲ್ಲಿ ಟ್ರಸ್ಟಿನ ತಜ್ಞರು ಬಂದು ಚಹಾ ಮುಗಿಸಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ಖಾದಿ ಕುರ್ತಾ, ಕೈಯಲ್ಲಿ ಸಣ್ಣ ಬ್ಯಾಟರಿ. ಬಾಯಿಯವರ ಮೇಲೆ ಎರಡು ಪುಸ್ತಕ ಬರೆದವರು. ಅವರು ಮಾತಾಡಿದ್ದು ಮರಾಠಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅತ್ಯಾ ಇಳಕಲ್ ಸೀರೆ ಉಟ್ಟು, ಮೂರೂ ಸಾಮಾನಿಗೆ ಎಣ್ಣೆ ತಿಕ್ಕಿ ಮಿಂಚಿಸಿ ನಿಂತಿದ್ದಳು. ಕುರ್ಚಿಯ ಕೈಗಳ ಮೇಲೆ ಅರವತ್ತು ಖಂಡೇನವಮಿಗಳ ಕುಂಕುಮ ಕಪ್ಪಗೆ ಹೆಪ್ಪುಗಟ್ಟಿತ್ತು.

“ಆಜಿ, ಒಂದು ತಿದ್ದುಪಡಿ,” ಎಂದರು ತಜ್ಞರು. “ಪತ್ರದಲ್ಲಿ ಬಾಯಿಯವರು ಕನ್ನಡ ಮಾತಾಡುತ್ತಿದ್ದರು ಎಂದು ಬರೆದಿದ್ದೀರಿ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಹುಟ್ಟಿದ್ದು ಕೊಲ್ಲಾಪುರದ ಹತ್ತಿರ. ನನ್ನ ಮೊದಲ ಪುಸ್ತಕದಲ್ಲಿದೆ.”

“ಪುಸ್ತಕ ಬರದವರು ಆಕಿ ಕೂಡ ರೊಟ್ಟಿ ತಿಂದಿದ್ರೇನು, ಕೇಳು,” ಎಂದಳು ಅತ್ಯಾ ನನ್ನ ಕಡೆ ತಿರುಗಿ. ನಾನು ಅದನ್ನು ಮರಾಠಿಗೆ ತರಲಿಲ್ಲ.

ತಜ್ಞರು ಕನ್ನಡಿ ಮೇಜಿನ ಚೌಕಟ್ಟಿನ ಒಳಗಂಚಿಗೆ ಬೆರಳು ಎಳೆದರು, ಬ್ಯಾಟರಿ ಹಾಕಿ ನೋಡಿದರು.

“ಇಲ್ಲಿ ಗಾಜು ಇದ್ದದ್ದೇ ಇಲ್ಲ. ಗಾಜು ಕೂಡಿಸುವ ತೋಡನ್ನೇ ಕೊರೆದಿಲ್ಲ, ಮೊಳೆಯ ಗುರುತೂ ಇಲ್ಲ.” ಆಮೇಲೆ ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದು, ಅತ್ಯಾ ‘ಅಯ್ಯ’ ಎನ್ನುವಷ್ಟರಲ್ಲಿ, ಗೋಡೆಯಿಂದ ಎಳೆದು ಪೂರಾ ತಿರುಗಿಸಿದರು.

ಆ ಕುರ್ಚಿಯ ಬೆನ್ನನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಮುಂದೆ ಬೀಟೆ, ಕೆತ್ತಿದ ಬಳ್ಳಿ, ನವಿಲು. ಹಿಂದೆ ಹಣ್ಣಿನ ಪೆಟ್ಟಿಗೆಗೆ ಬಳಸುವಂಥ ಬಿಳಿಚಿದ ಹಲಗೆ. ರಂದಾ ಹೊಡೆದು ನಯ ಮಾಡಿಲ್ಲ, ಪಾಲಿಶ್ ಇಲ್ಲ. ಅದರ ಮೇಲೆ ಕಪ್ಪು ಬಣ್ಣದಲ್ಲಿ ದೊಡ್ಡದಾಗಿ ಮರಾಠಿಯಲ್ಲಿ ಬರೆದಿತ್ತು: ‘ಅಂಕ ಮೂರು. ಎಡಬದಿ.’

“ನಾಟಕದ ಸಾಮಾನು,” ಎಂದರು ತಜ್ಞರು, ಹಲ್ಲು ಕಿತ್ತ ಡಾಕ್ಟರಂತೆ ಕೈ ಒರೆಸಿಕೊಳ್ಳುತ್ತ. “ಕಂಪನಿಯ ಬಡಗಿಗಳು ಪ್ರೇಕ್ಷಕರಿಗೆ ಕಾಣುವ ಕಡೆ ಮಾತ್ರ ಕೆಲಸ ಮಾಡುತ್ತಿದ್ದರು. ಕನ್ನಡಿಗೂ ಗಾಜು ಹಾಕುತ್ತಿರಲಿಲ್ಲ. ದೀಪದ ಬೆಳಕು ಜನರ ಕಣ್ಣಿಗೆ ಹೊಡೆಯುತ್ತದಲ್ಲ. ಇಂಥವು ಎಲ್ಲ ಕಂಪನಿಯಲ್ಲೂ ಇದ್ದವು. ನಮ್ಮ ದಾಲನದಲ್ಲಿ ಬಾಯಿಯವರ ಮನೆಯ ವಸ್ತುಗಳನ್ನಷ್ಟೇ ಇಡುತ್ತೇವೆ.”

ನನಗೆ ನಗು ಬಂತು, ತಡೆದುಕೊಂಡೆ. ಗುಮಾಸ್ತ ಅಜ್ಜ, ಏಳು ಜನರ ಇಕ್ಕಟ್ಟು, ಅತ್ತ ಹೆಂಗಸರು, ಎಲ್ಲ ಒಂದು ಹಣ್ಣಿನ ಪೆಟ್ಟಿಗೆಯ ಮುಂದೆ! ಆಮೇಲೆ ರಮ್ಯಾಳ ಮುಖ ನೋಡಿದೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

“ಗೊತ್ತಿತ್ತೇನು ನಿನಗ?” ಎಂದಳು ಅತ್ಯಾ.

“ಶಿಫ್ಟ್ ಆದಾಗ್ಲೇ ನೋಡ್ದೆ ಅತ್ತೆ. ಪ್ಯಾಕಿಂಗ್ ಬಿಚ್ಚಿದ್ದು ನಾನೇ ಅಲ್ವಾ.” ರಮ್ಯಾ ತಲೆ ತಗ್ಗಿಸಿದಳು. “ನೀವು ಹಾಲು ಉಕ್ಕಿಸ್ತಾ ಇದ್ರಿ. ಹೇಳೋದು ಬೇಡ ಅನ್ನಿಸ್ತು. ಗೋಡೆಗೆ ಟೈಟಾಗಿ ಒತ್ತಿಬಿಟ್ಟೆ.”

ಇಷ್ಟು ದಿನ ಈ ಹುಡುಗಿಯ ಗುಡಿಸುವ ಯಂತ್ರವನ್ನು ಆಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅತ್ಯಾ ಅಳಲಿಲ್ಲ. ತಜ್ಞರ ಮುಂದೆ ಹೋಗಿ ನಿಂತಳು. ಈ ಸಲ ಅವಳೇ ಮರಾಠಿಯಲ್ಲಿ ಮಾತಾಡಿದಳು. ಅರವತ್ತು ವರ್ಷ ಆ ಊರಿನ ತರಕಾರಿ ಪೇಟೆಯಲ್ಲಿ ಚೌಕಾಶಿ ಮಾಡಿದವಳ ಮರಾಠಿ.

“ಒಂಬತ್ತು ವರ್ಷದವಳಿದ್ದಾಗ ಕಂಪನಿಗೆ ಸೇರಿದವಳು ಅಂತ ನಿಮ್ಮ ಪುಸ್ತಕದಲ್ಲೇ ಇದೆ. ಇವತ್ತು ಸಾಂಗ್ಲಿ, ನಾಳೆ ಸೋಲಾಪುರ. ಅವಳ ಮನೆ ಎಲ್ಲಿತ್ತು? ಮೂರನೇ ಅಂಕದ ಎಡಬದಿ, ಅದೇ ಅವಳ ಮನೆ.”

ತಜ್ಞರು ತಲೆ ಆಡಿಸಿದರು. ಸೋತರು ಎಂದಲ್ಲ; ಭಾವನೆಗಳ ಮುಂದೆ ತಲೆ ಆಡಿಸಬೇಕು ಎಂದು ಅವರಿಗೆ ತರಬೇತಿ ಇತ್ತು. ಕೈಗೂ ಏನಾದರೂ ಕೆಲಸ ಬೇಕಲ್ಲ, ಕುರ್ಚಿಯ ಬೆನ್ನನ್ನು ಅಂಗೈಯಿಂದ ಒತ್ತಿದರು. ಅದು ಕಿರ್ರೆಂದು ಹಿಂದಕ್ಕೆ ಬಾಗಿತು.

“ನೀವು ನೋಡಿದ್ದೀರಾ, ಕಾಕಾ?” ಎಂದು ನನ್ನನ್ನು ಕೇಳಿದರು. ದನಿಯಲ್ಲಿ ವಿನಯ, ಕೈಯಲ್ಲಿ ಆಗಲೇ ಮುಚ್ಚಿದ ಪೆನ್ನು. “ಏನಾದರೂ ವಿಶೇಷ?”

“ಹೇಳೋ ವಸ್ಯಾ,” ಎಂದಳು ಅತ್ಯಾ. “ನೀ ಆಕಿ ತೊಡಿ ಮ್ಯಾಲೆ ಕೂತಿದ್ದಿಲ್ಲೇನು?”

ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಅವಳೇ ಕೊಟ್ಟದ್ದು. ಹಸಿರು ಬಳೆ ಎನ್ನಲೇ? ಅವರ ಪುಸ್ತಕದಲ್ಲಿ ಬಳೆಯಿಲ್ಲ. ತಾಳ ಎನ್ನಲೇ? ಅದನ್ನು ಯಾವ ಅಭಿಮಾನಿಯೂ ಹೇಳುತ್ತಾನೆ. ಇಲ್ಲ, ನನಗೇನೂ ನೆನಪಿಲ್ಲ ಎಂದು ಹೇಳಲೆಂದೇ ಬಾಯಿ ತೆರೆದೆ. ನೆನಪನ್ನು ನಂಬಬಾರದು ಎಂದು ನಲವತ್ತು ವರ್ಷ ಬರೆದವನು ಒಮ್ಮೆಯಾದರೂ ಹಾಗೆ ನಡೆದುಕೊಳ್ಳಬೇಕಲ್ಲ. ಹೊರಗೆ ಬಂದ ಮಾತು ಬೇರೆ.

“ಅವರು ಅಂಚಿನಲ್ಲಿ ಕೂತಿದ್ದರು,” ಎಂದೆ. “ಬೆನ್ನು ನೆಟ್ಟಗೆ. ಹಿಂದಕ್ಕೆ ಒರಗಿರಲಿಲ್ಲ. ನಾನು ಕುರ್ಚಿಯ ಬೆನ್ನಿಗೆ ಒರಗಲು ಹೋದೆ. ಅವರು ನನ್ನ ತೋಳು ಹಿಡಿದು ಮುಂದಕ್ಕೆ ಎಳೆದು, ‘ಆನಿಕೋಬ್ಯಾಡೋ ತಮ್ಮಾ, ಮುರೀತದ’ ಅಂದರು.”

ಕನ್ನಡದ ಮಾತನ್ನು ಕನ್ನಡದಲ್ಲೇ ಹೇಳಿದೆ. ಒರಗಬೇಡ, ಮುರಿಯುತ್ತದೆ ಎಂದು ಮರಾಠಿಯಲ್ಲಿ ಅರ್ಥ ಬಿಡಿಸಿದೆ.

ತಜ್ಞರು ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು. ಇನ್ನೊಮ್ಮೆ ಬೆನ್ನನ್ನು ಒತ್ತಿದರು. ಮತ್ತೆ ಕಿರ್ರೆಂದಿತು.

“ಅರೇ!” ಎಂದರು. ದನಿ ಬದಲಾಗಿತ್ತು. “ನಾಟಕದ ಕುರ್ಚಿಗೆ ಒರಗಬಾರದು ಎಂದು ಅದರ ಮೇಲೆ ಕೂತು ಹಾಡಿದವರಿಗೆ ಮಾತ್ರ ಗೊತ್ತಿರುತ್ತದೆ. ಹೊರಗಿನವರಿಗೆ ಇದು ಹೊಳೆಯುವ ಮಾತಲ್ಲ.” ಪೆನ್ನಿನ ಮುಚ್ಚಳ ತೆಗೆದರು. “ಆ ವಾಕ್ಯ ಇನ್ನೊಮ್ಮೆ ಹೇಳಿ. ಕಾನಡಿಯಲ್ಲೇ.”

ವನ್ಸ್ ಮೋರ್. ಎರಡನೆಯ ಸಲ ಹೇಳುವಾಗ ‘ತಮ್ಮಾ’ ಎಂಬುದನ್ನು ಸ್ವಲ್ಪ ಎಳೆದೆ ಎಂದು ನನಗೆ ಸಂಶಯ.

ಬರೆದುಕೊಟ್ಟೆ, ಸಹಿ ಮಾಡಿದೆ. ಹದಿನೈದು ದಿನಗಳಲ್ಲಿ ಟ್ರಸ್ಟಿನ ಟೆಂಪೋ ಬಂದು ಮೂರೂ ಸಾಮಾನು ಒಯ್ದಿತು. ಹೋಗಿ ನೋಡಿಬಂದೆ. ಕುರ್ಚಿಯನ್ನು ದಾಲನದ ನಡುವೆ ಇಟ್ಟಿದ್ದಾರೆ, ಬೆನ್ನನ್ನೂ ಜನ ನೋಡಲಿ ಎಂದು. ಸುತ್ತ ಕೆಂಪು ಹಗ್ಗ. ಕುಂಕುಮವನ್ನು ರಸಾಯನ ಹಾಕಿ ಒರೆಸಿದ್ದಾರೆ. ಫಲಕದ ಮೇಲೆ ಅಜ್ಜಿಯ ಹೆಸರಿದೆ, ಆ ವಾಕ್ಯವಿದೆ. ಅದರ ಕೆಳಗೆ, ‘ಬಾಯಿಯವರಿಗೆ ಕನ್ನಡವೂ ಅಲ್ಪಸ್ವಲ್ಪ ಬರುತ್ತಿತ್ತು’ ಎಂದಿದೆ. ಆ ಅಲ್ಪಸ್ವಲ್ಪವನ್ನು ಓದಿ ಅತ್ಯಾ ಟ್ರಸ್ಟಿಗೆ ಇನ್ನೊಂದು ಪತ್ರ ಬರೆದಿದ್ದಾಳೆ.

ಆದರೆ ನಾನು ಹೇಳಬೇಕಾದದ್ದು ಇದಲ್ಲ. ಆ ರವಿವಾರ ತಜ್ಞರು ಲಿಫ್ಟಿನೊಳಗೆ ಹೋದ ಮೇಲೆ ಅತ್ಯಾ ನನ್ನ ಪಕ್ಕ ಬಂದು ನಿಂತಳು. ಕುರ್ಚಿ ಇನ್ನೂ ನಮಗೆ ಬೆನ್ನು ತೋರಿಸಿಕೊಂಡೇ ನಿಂತಿತ್ತು.

“ಆನಿಕೋಬ್ಯಾಡ ಅಂದ್ಲಂತ. ಇದನ್ನ ನೀ ನನಗ ಯಾವಾಗೂ ಹೇಳಿದ್ದಿಲ್ಲಲ್ಲೋ.”

“ಹೇಳಿದ್ದಿಲ್ಲ.”

“ಅವ್ವನೂ ಹೇಳಿದ್ದಿಲ್ಲ. ಕೂಡಬ್ಯಾಡ್ರಿ ಅಂತಿದ್ಲು. ಯಾಕ ಅಂತ ಹೇಳ್ತಿದ್ದಿಲ್ಲ.” ನನ್ನ ಮುಖ ನೋಡದೆ ಕೇಳಿದಳು. “ಖರೇನಾ, ವಸ್ಯಾ?”

ಹೌದು ಅತ್ಯಾ ಎಂದೆ. ಅವಳು ಒಳಗೆ ಹೋಗಿ ನನಗೆ ಚಹಾ ಮಾಡಿದಳು.

ಈ ನೆನಪು ತಜ್ಞರು ಕುರ್ಚಿಯ ಬೆನ್ನು ಒತ್ತುವ ಮೊದಲು ನನಗೆ ಒಮ್ಮೆಯೂ ಬಂದಿರಲಿಲ್ಲ. ಕಿರ್ರೆಂದ ಮೇಲೆ ಬಂತು. ಬಂದದ್ದು ಎಷ್ಟು ಸ್ಪಷ್ಟವಾಗಿದೆಯೆಂದರೆ ತೋಳು ಹಿಡಿದ ಬೆರಳುಗಳ ಬಿಗಿ ಈಗಲೂ ಗೊತ್ತಾಗುತ್ತದೆ, ಎಳೆದ ರಭಸಕ್ಕೆ ಉಂಡಿ ಕೈಜಾರಿ ನೆಲಕ್ಕೆ ಬಿದ್ದದ್ದೂ ಕಾಣುತ್ತದೆ. ಬೇಕಾದ ಹೊತ್ತಿಗೆ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ನೆನಪನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆ ಮಾತನ್ನು ಬಾಯಿಯವರು ಹೇಳಿರಬಹುದು. ಕುರ್ಚಿಯ ಗುಟ್ಟು ಮೊದಲಿನಿಂದಲೂ ಬಲ್ಲ ಅಜ್ಜಿಯೇ ಹೇಳಿರಬಹುದು. ಹಾಗಿದ್ದರೆ ಅರವತ್ತು ವರ್ಷ ನಾವು ಪೂಜೆ ಮಾಡಿದ್ದು ಒಂದು ಸಡಿಲ ಹಲಗೆಯನ್ನು ಕಾಯಲು ಅವಳು ಹೂಡಿದ ಉಪಾಯಕ್ಕೆ. ಅಥವಾ ವಾಕಡದ ಹನ್ನೆರಡನೆಯ ಮಹಡಿಯಲ್ಲಿ, ಅತ್ಯಾಳ ಮುಖ ನೋಡಿ, ನಾನೇ ಹೇಳಿರಬಹುದು.

ಮೂರರಲ್ಲಿ ಯಾವುದು ಎಂದು ನನಗೆ ಗೊತ್ತಿಲ್ಲ.